ಸವಳು ನೀರಿನ ಮನೆ

ಅಕ್ಕ ಹೋದ ಸುದ್ದಿ ಬಂದಾಗ ನಾನು ಕೊಚ್ಚಿಯ ವೈಟ್ಟಿಲದಲ್ಲಿ ಬಸ್ಸು ಬದಲಾಯಿಸುತ್ತಿದ್ದೆ. ಫೋನು ಮಾಡಿದವರು ಅವರ ಯಜಮಾನರು, ತಿರುವನಂತಪುರದಿಂದ. "ಮುಂಜಾನೆ ಏಳಲೇ ಇಲ್ಲವ್ವಾ" ಎಂದರು. ನಾನು "ಹೌದಾ" ಎಂದೆ. ಅಷ್ಟೇ ಅಂದದ್ದು. ಬಂದ ಬಸ್ಸು ಹತ್ತಿ, ಟಿಕೆಟ್ ತೆಗೆದುಕೊಂಡು, ಆಫೀಸಿಗೆ ಹೋಗಿ, ಹಿಂದಿನ ದಿನ ಬಾವಿಗಳಿಂದ ತಂದಿಟ್ಟಿದ್ದ ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಕೂತೆ. ಎಲ್ಲಕ್ಕೂ ಅಂಟಿಸಿ ಮುಗಿದ ಮೇಲೆ ಪಕ್ಕದ ಮೇಜಿನವರಿಗೆ ವಿಷಯ ಹೇಳಿದೆ. ಅವರು ಥಟ್ಟನೆ ಎದ್ದು ನಿಂತರು. ಅವರನ್ನು ನೋಡಿ ನಾನೂ ಎದ್ದು ನಿಂತೆ.

ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಬರೆದರೆ ಬರಬಹುದೇನೋ ಅಂದುಕೊಂಡು ಬರೆಯುತ್ತಿದ್ದೇನೆ.

ಕೊಚ್ಚಿಯಲ್ಲಿ ನಮ್ಮದು ಅಂತರ್ಜಲ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ. ನಾನು ಮೈಸೂರಿನವಳು, ಅಕ್ಕ ಗದಗಿನ ಕಡೆಯವರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅವರು ಕರಾವಳಿಯ ಬಾವಿಗಳ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದರು. ಆಫೀಸಿನೊಳಗೆ ಬರೀ ಇಂಗ್ಲಿಷ್. ಜೀಪು ಗೇಟು ದಾಟಿದ ಕೂಡಲೇ ಅವರ ಬಾಯಿ ಗದಗಿಗೆ ಹೋಗಿಬಿಡುತ್ತಿತ್ತು. ಮೊದಲ ದಿನ ಜೀಪಿನಲ್ಲಿ ನಾನು "ಮೇಡಂ" ಎಂದಾಗ, "ಇಲ್ಲೆ ಯಾವ ಮೇಡಂ? ಅಕ್ಕಾ ಅನ್ನು. ಕನ್ನಡದಾಗ ಅಕ್ಕಾ ಅನ್ನಿಸಿಕೊಂಡು ಭಾಳ ದಿನಾ ಆತು" ಎಂದರು. ಅಂದಿನಿಂದ ಅಕ್ಕನೇ.

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಾವಿಕಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಉಕ್ಕಿನ ಟೇಪಿಗೆ ಸೀಮೆಸುಣ್ಣ ಬಳಿಯುತ್ತಿದ್ದರು. ಟೇಪನ್ನು ಬಾವಿಗೆ ಬಿಟ್ಟು ಮೇಲೆತ್ತಿದರೆ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಅನ್ನುವುದರಿಂದ ನೀರಿನ ಮಟ್ಟ ಗೊತ್ತಾಗುತ್ತದೆ. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಿದ್ದರು. ಹಿಂದಿನ ಕನ್ನಡಕ ಯಾವುದೋ ಬಾವಿಗೆ ಬಿದ್ದಿತ್ತಂತೆ. "ಆ ಭಾವಿಗೆ ಈಗ ದೂರದ್ದೆಲ್ಲಾ ಛಲೋ ಕಾಣಾಕತ್ತಿರಬೇಕು" ಎಂದು ಹೇಳಿ, ತಾವು ನಗದೆ ನಮ್ಮನ್ನು ನಗಿಸುತ್ತಿದ್ದರು.

ನೀರಿನ ಉಪ್ಪನ್ನು ಅಳೆಯಲು ನಮ್ಮ ಹತ್ತಿರ ಮೀಟರು ಇತ್ತು. ಅಕ್ಕ ಮೊದಲು ಒಂದು ಹನಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದರು. ನಮಗೆ ಮಾತ್ರ ಹಾಗೆ ಮಾಡಬೇಡಿ ಎಂದು ಬಯ್ಯುತ್ತಿದ್ದರು. "ನಮ್ಮೂರಾಗ ಎಲ್ಲಾ ಸವಳು ನೀರು. ಸಿಹಿನೀರು ಬೇಕಂದ್ರ ದೂರದ ಕೆರಿಗೆ ಹೋಗಬೇಕು. ಯಾವ ಭಾವಿ ಎಷ್ಟು ಸವಳು ಅಂತ ನಮ್ಮವ್ವ ನಾಲಿಗಿ ಮ್ಯಾಲೆ ಕಲಿಸಿದ್ಲು" ಎನ್ನುತ್ತಿದ್ದರು. ಉಪ್ಪುಪ್ಪು ನೀರಿಗೆ ಸವಳು ಎನ್ನುತ್ತಾರೆಂದು ನಾನು ಕೇಳಿದ್ದು ಆಗಲೇ. ಸಮುದ್ರವನ್ನು ಅಕ್ಕ ಮೊದಲು ನೋಡಿದ್ದು ನೌಕರಿಗೆ ಬಂದ ಮೇಲೆ.

ನನಗೆ ಉಬ್ಬರ ಇಳಿತವನ್ನು ಕಲಿಸಿದ್ದೂ ಅವರೇ. ಇಲ್ಲಿನ ಹಿನ್ನೀರಿಗೆ ಕಾಯಲು ಎನ್ನುತ್ತಾರೆ. ಅದರ ದಂಡೆಯ ಒಂದು ಬಾವಿಯ ಪಕ್ಕ ಬೆಳಗಿನಿಂದ ಮಧ್ಯಾಹ್ನದವರೆಗೆ ನನ್ನನ್ನು ಕೂರಿಸಿ ಮತ್ತೆ ಮತ್ತೆ ಟೇಪು ಬಿಡಿಸಿದರು. ಯಾರೂ ನೀರು ಸೇದಲಿಲ್ಲ, ಮಳೆ ಬರಲಿಲ್ಲ, ಆದರೂ ಬಾವಿಯ ನೀರು ಮೇಲೆ ಬಂತು, ಆಮೇಲೆ ಕೆಳಗಿಳಿಯಿತು. "ಸಮುದ್ರ ಅಲ್ಲೈತಿ, ಭಾವಿ ಇಲ್ಲೈತಿ. ಅದು ಎದ್ದರ ಇದೂ ಏಳತೈತಿ, ಸ್ವಲ್ಪ ತಡಾ ಮಾಡಿ" ಎಂದರು. ಮರಳಿನಲ್ಲಿ ಮಳೆಯ ಸಿಹಿನೀರು ಮೇಲೆ ತೇಲುತ್ತಿರುತ್ತದೆ, ಅದರ ಕೆಳಗೆ ಉಪ್ಪುನೀರು. ಅದನ್ನೂ ಅಕ್ಕ ಅಡುಗೆಮನೆಯ ಮಾತಿನಲ್ಲೇ ಹೇಳಿದರು. "ಬ್ಯಾಳಿ ಕುದಿಸಿ ಇಟ್ಟಿರ್ತೀವಿ. ಮ್ಯಾಲೆ ತಿಳಿ, ಕೆಳಗ ಬ್ಯಾಳಿ. ಮ್ಯಾಲಿಂದ ಮೆಲ್ಲಕ ತಗೊಂಡ್ರ ತಿಳಿ ಬರತೈತಿ. ಸೌಟು ಆಳಕ್ಕ ಹಾಕಿ ತಿರುವಿದ್ರ? ಮೋಟರು ಮಾಡೂದು ಅದನ್ನ."

ಉಬ್ಬರ ಜೋರಾದಾಗ ಕೆಳಗಿನ ಉಪ್ಪುನೀರು ಮೇಲಕ್ಕೊತ್ತುತ್ತದೆ. ಅದು ಇಳಿದರೆ ಬಾವಿಯೂ ಮೆಲ್ಲಗೆ ಸುಧಾರಿಸುತ್ತದೆ. ಆದರೆ ಕಾಯಲಿನ ತಳದಲ್ಲಿ ಹೂಳು ತುಂಬಿತು, ಅಮಾವಾಸ್ಯೆ ಹುಣ್ಣಿಮೆಯ ಉಬ್ಬರ ವರ್ಷದಿಂದ ವರ್ಷಕ್ಕೆ ಎತ್ತರಕ್ಕೆ ಬರತೊಡಗಿತು. ಕಾಯಲಿನೊಳಗಿನ ಒಂದು ದ್ವೀಪದ ಬಾವಿಗಳು ಇನ್ನು ಹೆಚ್ಚು ಕಾಲ ಕುಡಿಯಲು ಬರುವುದಿಲ್ಲ ಎಂದು ಅಕ್ಕ ವರದಿ ಬರೆದರು. ವರದಿ ಬರೆದು ಸುಮ್ಮನಿರಬಹುದಿತ್ತು. ಅಲ್ಲಿನವರಿಗೆ ತಾವೇ ಹೇಳಬೇಕೆಂದು ವಾರ್ಡಿನ ಸಭೆಗೆ ಹೋದರು. ನಾನೂ ಜೊತೆಗಿದ್ದೆ.

ಅಕ್ಕನ ಮಲಯಾಳಂ ಹರಕುಮುರುಕು. ಆದರೂ ಎಲ್ಲ ಹೇಳಿದರು. ಮೋಟರು ಹಾಕಬೇಡಿ, ಕೊಡದಿಂದ ಮೇಲುಮೇಲಿನ ನೀರು ಸೇದಿ, ಇಳಿತವಾಗಿ ಸ್ವಲ್ಪ ಹೊತ್ತಾದ ಮೇಲೆ ಸೇದಿ, ಹೀಗೆ ಮಾಡಿದರೆ ಇನ್ನೂ ಕೆಲವು ವರ್ಷ ನಡೆಯುತ್ತದೆ, ಆಮೇಲೆ ಇಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಶಾಂತಚೇಚಿ. ಚೇಚಿ ಅಂದರೆ ಇಲ್ಲಿ ಅಕ್ಕ. ಗಂಡ ಸತ್ತವಳು, ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಕೆಲಸ. ದನಿ ಏರಿಸದೆ, "ನಿಙ್ಙಳ್ ಪರಞ್ಞಿಟ್ಟು ಪೋಗುಂ. ಞಙ್ಙಳ್ ಇವಿಡೆ ಕಿಡಕ್ಕಣಂ" ಎಂದಳು. ನೀವು ಹೇಳಿ ಹೋಗುತ್ತೀರಿ, ನಾವು ಇಲ್ಲೇ ಬಿದ್ದಿರಬೇಕು.

ಹಿಂದಿರುಗುವಾಗ ಜೀಪಿನಲ್ಲಿ ಅಕ್ಕ ಕನ್ನಡವನ್ನೂ ಆಡಲಿಲ್ಲ.

ಕೆಲವು ತಿಂಗಳಾದ ಮೇಲೆ, ಊಟದ ಡಬ್ಬಿ ಬಿಚ್ಚುತ್ತ, ಆ ದ್ವೀಪದಲ್ಲಿ ಮನೆ ತೆಗೆದುಕೊಂಡೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಗದಗಿನ ಸೈಟು ಮಾರಿದ್ದರು. ಶಾಂತಚೇಚಿಯ ಪಕ್ಕದ ಮನೆ, ಮಂಗಳೂರು ಹೆಂಚಿನದು, ಹಿತ್ತಿಲಲ್ಲಿ ಸಿಮೆಂಟಿನ ಬಳೆ ಇಳಿಸಿದ ಬಾವಿ.

"ಯಾಕಕ್ಕಾ?"

"ಆಕಿ ಹೇಳಿದ್ದು ಕಿವ್ಯಾಗ ಕುಂತಬಿಟ್ಟೈತಿ."

"ಅದಕ್ಕೆ ಮನೇನೇ ತಗೋಬೇಕಾ?"

"ಮತ್ತೇನ್ ಮಾಡ್ಲಿ? ವರದಿ ಬರೀಲಿ? ಅದನ್ನ ಬರದೇನಲ್ಲ."

ಯಜಮಾನರು ಬ್ಯಾಂಕಿನಲ್ಲಿದ್ದರು. ಅವರಿಗೆ ಆಗಲೇ ತಿರುವನಂತಪುರಕ್ಕೆ ವರ್ಗವಾಗಿ, ಚಾಲೈ ಪೇಟೆಯ ಹಿಂದೆ ಮಹಡಿಯ ಮೇಲೊಂದು ಮನೆ ಹಿಡಿದಿದ್ದರು. ಅಕ್ಕನೂ ವರ್ಗ ಕೇಳಿಕೊಂಡು ಅಲ್ಲಿಗೆ ಬರುತ್ತಾರೆ ಎಂದುಕೊಂಡಿದ್ದವರು ಅವರು. ಮನೆ ಕೊಂಡ ಸುದ್ದಿ ಕೇಳಿ, "ಹಂಗಾರ ನಾನ ಶನಿವಾರಕ್ಕೊಮ್ಮೆ ಬರ್ತೀನಿ" ಎಂದರಂತೆ. ಜಗಳವಾಗಲಿಲ್ಲ. ಮಕ್ಕಳಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಸಂಸಾರ ಎರಡು ಊರಾಯಿತು, ಹಾಗೇ ಉಳಿಯಿತು.

ದ್ವೀಪದ ಜನ ಮೊದಮೊದಲು ನಕ್ಕರು. ನೀರು ಕೆಡುತ್ತದೆ ಅಂತ ಹೇಳಿದವಳೇ ಬಂದು ಮನೆ ಕೊಂಡಿದ್ದಾಳೆ, ಅಂದರೆ ಕೆಡುವುದಿಲ್ಲ ಅಂತ ಅರ್ಥ, ಎಂದರು ಕೆಲವರು. ಅಕ್ಕ ಮನೆಮನೆಗೆ ಹೋಗಿ ಮೋಟರಿನ ಕೊಳವೆ ಮೇಲಕ್ಕೆತ್ತಿಸಿದರು. ಪಕ್ಕದ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ, ಮಳೆ ಹೋದ ಮೇಲೆ ತೂಬು ತೆಗೆದು ಉಪ್ಪುನೀರು ಬಿಟ್ಟು ಸಿಗಡಿ ಬೆಳೆಸುತ್ತಾರೆ. ಆ ಗದ್ದೆ ಗುತ್ತಿಗೆ ಹಿಡಿದವನ ಹತ್ತಿರ ಹೋಗಿ, ಅಮಾವಾಸ್ಯೆ ಹುಣ್ಣಿಮೆಯ ಆಚೀಚೆ ತೂಬಿನ ಹಲಗೆ ಇಳಿಸಿಡು ಎಂದು ಕೇಳಿದರು. ಅವನು ಕೆಟ್ಟವನಲ್ಲ. ಎರಡು ಸಲ ಚಹಾ ಕೊಟ್ಟು ಕಳಿಸಿ, ಮೂರನೆಯ ಸಲ ಒಪ್ಪಿದ.

ಆ ಬೇಸಿಗೆ ಬಾವಿಗಳು ಸಿಹಿಯಾಗೇ ಉಳಿದವು. ಅಕ್ಕನ ಹಿತ್ತಿಲಿಗೆ ಆಚೆ ಬೀದಿಯ ಹೆಂಗಸರೂ ಕೊಡ ಹಿಡಿದು ಬರುತ್ತಿದ್ದರು. ಒಂದು ಭಾನುವಾರ ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರವೆಲ್ಲ ಮಲಯಾಳದಲ್ಲಿ. ಅಕ್ಕ ಅವಳಿಗೆ ಬಾವಿಯ ನೀರು ಕುಡಿಸಿ, "ಹೆಂಗೈತಿ?" ಎಂದರು. ಅವಳು "ವೆಳ್ಳಂ ಪೋಲೆ ಉಂಡ್" ಎಂದಳು. ನೀರಿನ ಹಾಗಿದೆ. ಅಕ್ಕ ಬಿದ್ದು ಬಿದ್ದು ನಕ್ಕರು. "ನೀರು ನೀರಿನಂಗ ಐತಂತ! ಇದಕ್ಕಿಂತ ಛಲೋ ಮಾತು ಯಾವ ಲ್ಯಾಬೂ ಬರದುಕೊಟ್ಟಿಲ್ಲ" ಎಂದರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಮರುವರ್ಷ ಚಳಿಗಾಲದ ಒಂದು ಹುಣ್ಣಿಮೆಗೆ ಉಬ್ಬರ ಗದ್ದೆಯ ಬದುವನ್ನೇ ದಾಟಿ ಬಂತು. ಹಲಗೆ ಇಳಿಸಿಯೇ ಇತ್ತು. ನೀರು ಅದರ ಮೇಲಿಂದ ಬಂತು. ಯಾರನ್ನು ಬಯ್ಯುವುದು? ಹಿತ್ತಿಲು ತುಂಬಿ, ಬಾವಿಯ ಬಳೆ ಮುಳುಗಿ, ಮನೆಯೊಳಗೂ ನೀರು ನಿಂತಿತು. ಅಕ್ಕ ಫೋನು ಮಾಡಿದರು. "ಆತು ತಂಗಿ, ಭಾವಿ ಹೋತು" ಎಂದರು. ಮನೆಯಲ್ಲಿ ಅಕ್ಕಿ ಮುಗಿಯಿತು ಅನ್ನುವ ದನಿಯಲ್ಲಿ.

ನಾನು ಹೋದಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಶಾಂತಚೇಚಿ. ಚೇಚಿ ಅಕ್ಕನಿಗೆ ಏನೋ ಸಮಾಧಾನ ಹೇಳುತ್ತಿದ್ದಳು. ಹೋಗಿಬಿಡಿ ಮೇಡಂ, ನಿಮಗೆ ಬೇರೆ ಮನೆ ಇದೆಯಲ್ಲ, ಎಂದು. ಅಕ್ಕ ತಲೆ ಅಲ್ಲಾಡಿಸಿ, ತಮ್ಮ ಹರಕು ಮಲಯಾಳದಲ್ಲಿ, "ಞಾನುಂ ಇವಿಡೆ ಕಿಡಕ್ಕುಂ" ಎಂದರು. ನಾನೂ ಇಲ್ಲೇ ಬಿದ್ದಿರುತ್ತೇನೆ. ಚೇಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆ ಹುಣ್ಣಿಮೆಯ ಬೆಳಿಗ್ಗೆ ಮನೆಯೊಳಗೆ ನೀರು. ಮಂಚದ ಕಾಲಿಗೆ ಇಟ್ಟಿಗೆ, ಫ್ರಿಜ್ಜಿನ ಕೆಳಗೆ ಸ್ಟೂಲು. ಗೋಡೆಯ ಗಾರೆ ಮೊಣಕಾಲಿನೆತ್ತರಕ್ಕೆ ಪುಡಿಪುಡಿಯಾಗಿ ಉದುರುತ್ತಿತ್ತು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಬಂದಾಗ ಬಂತು. ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ನೀರಿನಲ್ಲೇ ಅಡುಗೆ ಮಾಡಿ, ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಬರುತ್ತಿದ್ದರು. ಆಫೀಸಿನಲ್ಲಿ ಯಾರಾದರೂ ಕೇಳಿದರೆ, "ಫೀಲ್ಡ್‌ವರ್ಕ್" ಎನ್ನುತ್ತಿದ್ದರು.

ಯಜಮಾನರಿಗೆ ಇದು ಗೊತ್ತಿರಲಿಲ್ಲ.

ಅದು ಹೇಗೆ ಎಂದು ಕೇಳಬಹುದು. ಉಬ್ಬರ ಯಾವ ದಿನ ಎಷ್ಟು ಏರುತ್ತದೆ ಎಂದು ಅಕ್ಕನಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಕಚೇರಿಯಲ್ಲೇ ಇರಲಿಲ್ಲ. ನೀರು ಏರದ ಶನಿವಾರಗಳಿಗೆ ಮಾತ್ರ ಯಜಮಾನರನ್ನು ಕರೆಸಿಕೊಳ್ಳುತ್ತಿದ್ದರು. ಬರುವ ಮುಂಚೆ ನೆಲ ತೊಳೆದು, ಇಟ್ಟಿಗೆ ತೆಗೆದು, ಗೋಡೆಯ ಕೆಳಭಾಗಕ್ಕೆ ಸುಣ್ಣ ಹೊಡೆಸುತ್ತಿದ್ದರು. ಒಂದು ಸಲ ನನ್ನೆದುರಿಗೇ ಫೋನು ಮಾಡಿ, "ಈ ಶನಿವಾರ ಬರಬ್ಯಾಡ್ರಿ. ಏಲೂರಿನ ಕಡೆ ಕ್ಯಾಂಪ್ ಐತಿ" ಎಂದರು. ಯಾವ ಕ್ಯಾಂಪೂ ಇರಲಿಲ್ಲ.

"ಹೇಳಿಬಿಡಬಾರದಾ ಅಕ್ಕಾ?" ಎಂದೆ.

ಅಕ್ಕ ಫೋನು ಕೆಳಗಿಟ್ಟರು. "ಅವರು ನೋಡಿದ್ರ ಕರಕೊಂಡು ಹೋಗ್ತಾರ. ನಾ ಹೋಗಿಬಿಡ್ತೀನಿ. ಹೋಗೂ ಮನಸೂ ಐತಿ ತಂಗಿ ನಂಗ. ಅದಕ್ಕ ಬ್ಯಾಡ."

ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ಮಾತಾಡಿ ಎಂದರು. ಅಕ್ಕ ಎದ್ದು, ಬಾವಿಗೆ ಬಗ್ಗುವಾಗ ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ ಎಂದಷ್ಟೇ ಹೇಳಿ ಕೂತರು.

ಕೆಲಸ ಮುಗಿದ ಮೇಲೆ ಅವರಲ್ಲಿ ಏನೋ ನಿಂತುಹೋಯಿತು. ಜಗುಲಿಯ ಮೇಲೆ ಬಿಸಿಲಿಗಿಟ್ಟಿದ್ದ ಟೇಪು ತುಕ್ಕು ಹಿಡಿಯಿತು, ಅವರು ಎತ್ತಿಡಲಿಲ್ಲ. ಬಾವಿಗೆ ಬಗ್ಗಿ ನೋಡುವುದನ್ನೂ ಬಿಟ್ಟರು. ಒಮ್ಮೆ ನಾನು ಬೆಳಿಗ್ಗೆ ಹೋದಾಗ ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ನೀರು ಪಾದ ಮುಚ್ಚಿ, ಕಾಲಿನ ಗಿಣ್ಣಿನವರೆಗೆ ಬಂದಿತ್ತು. ಸೀರೆಯ ಅಂಚು ತೇಲುತ್ತಿತ್ತು.

"ಅಕ್ಕಾ, ಕಾಲು ನೀರಲ್ಲಿದೆ."

"ಹೌದೇನು?" ಎಂದರು. ಬಗ್ಗಿ ನೋಡಿದರು. ಕಾಲು ಎತ್ತಲಿಲ್ಲ.

"ನಮ್ಮನೆಗೆ ಹೋಗೋಣ ಬನ್ನಿ. ನಾಲ್ಕು ದಿನ ಇದ್ದು ಬನ್ನಿ."

"ಬರ್ತೀನಿ. ನೀರು ಇಳೀಲಿ."

ನೀರು ಇಳಿಯಿತು. ಅಕ್ಕ ಬರಲಿಲ್ಲ. ನಾನು ಒತ್ತಾಯ ಮಾಡಿದೆ, ಬಯ್ದೆ, ಚೇಚಿಯ ಕೈಯಲ್ಲೂ ಹೇಳಿಸಿದೆ. ಎಲ್ಲಕ್ಕೂ "ಹೂಂ" ಎಂದರು.

ಮುಂದಿನ ಹುಣ್ಣಿಮೆಗೆ ಎರಡು ದಿನವಿರುವಾಗ ಒಂದು ಚೀಲ ಹಿಡಿದುಕೊಂಡು, ಮನೆಯ ಬೀಗದ ಕೈ ಚೇಚಿಗೆ ಕೊಟ್ಟು, ತಿರುವನಂತಪುರದ ರೈಲು ಹತ್ತಿದರಂತೆ. ನನಗೆ ಹೇಳಿರಲಿಲ್ಲ.

ಸುದ್ದಿ ಬಂದ ದಿನ ನಾನು ಮಧ್ಯಾಹ್ನದ ರೈಲಿಗೆ ಹೋದೆ. ಚಾಲೈ ಪೇಟೆಯಲ್ಲಿ ಲಾರಿಯಿಂದ ಈರುಳ್ಳಿ ಮೂಟೆ ಇಳಿಸುತ್ತಿದ್ದರು. ಒಣಮೆಣಸಿನಕಾಯಿಯ ಘಾಟು ಮಹಡಿಯ ಮೆಟ್ಟಿಲವರೆಗೂ ಬರುತ್ತಿತ್ತು. ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬ್ಯಾಂಕಿನ ನಾಲ್ಕಾರು ಜನ, ಕೆಳಗಿನ ಮನೆಯವರು. ಯಾರೋ ನನಗೆ ಚಹಾ ಕೊಟ್ಟರು, ಕುಡಿದೆ. ನನಗೆ ಸೀನು ಬರುತ್ತಿತ್ತು. ಅಲ್ಲಿ ಸೀನಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ವಿದ್ಯುತ್ ಚಿತಾಗಾರದಲ್ಲಿ ಬಾಗಿಲು ಮುಚ್ಚಿದಾಗಲೂ ಆ ಬಾಗಿಲಿನ ಬಣ್ಣ ನೋಡುತ್ತಿದ್ದೆ.

ಎಲ್ಲರೂ ಹೋದ ಮೇಲೆ ಯಜಮಾನರು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ತೆಳ್ಳಗಿನ ಮನುಷ್ಯ, ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು.

"ಒಂದು ವಾರ ಇದ್ಲು. ಬರೇ ಮಲಕ್ಕೊಂಡಿದ್ಲು" ಎಂದರು. "ಎದ್ದು ಉಂಡು ಮತ್ತ ಮಲಗೂದು. ನಂಗ ಖುಷಿ ಆಗಿತ್ತವ್ವಾ, ಖರೇನ ಹೇಳ್ತೀನಿ. ಕಡೀಗೂ ಬಂದ್ಲಲ್ಲ ಅಂತ."

ಜೇಬಿನ ಒಂದು ಪೆನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು.

"ಆಕಿ ಪಾದ ನೋಡಿದ್ಯೇನು? ಬೆಳ್ಳಗ ಬಿರುಕು ಬಿಟ್ಟು, ಬೆರಳಿನ ಸಂದ್ಯಾಗ ಹುಣ್ಣು. ಏನಿದು ಅಂದ್ರ ಎಣ್ಣಿ ಹಚ್ಚಿಲ್ಲ ಅಂದ್ಲು. ಎಣ್ಣಿ ಹಚ್ಚದಿದ್ರ ಹಂಗ ಆಕ್ಕಾವೇನು?"

ಆಗ ಎಲ್ಲ ಹೇಳಿದೆ. ಬಾವಿ, ಬದು, ಇಟ್ಟಿಗೆ, ಸುಣ್ಣ, ಶನಿವಾರ. "ಗ್ವಾಡಿ ಯಾಕ ಹಿಂಗ ಉದರತೈತಿ ಅಂತ ಒಮ್ಮೆ ಕೇಳಿದ್ದೆ. ಕೇರಳದಾಗ ಎಲ್ಲಾ ಮನೀನೂ ಹಿಂಗ ಅಂದಿದ್ಲು" ಎಂದರು. ಆಮೇಲೆ "ಮುಂದಿನ ಅಮಾಸಿ ಯಾವಾಗ?" ಎಂದು ಕೇಳಿದರು.

ಅಮಾವಾಸ್ಯೆಯ ಬೆಳಿಗ್ಗೆ ಅವರನ್ನು ದ್ವೀಪಕ್ಕೆ ಕರೆದುಕೊಂಡು ಹೋದೆ. ಶಾಂತಚೇಚಿ ಬಾಗಿಲು ತೆಗೆದಿಟ್ಟಿದ್ದಳು. ಚೇಚಿ ಅವರಿಗೆ ಕೈಮುಗಿದಳು, ಅವರೂ ಮುಗಿದರು. ಯಜಮಾನರ ಮಲಯಾಳಂ ಬ್ಯಾಂಕಿನ ಕೌಂಟರು ದಾಟಿರಲಿಲ್ಲ, ಇಬ್ಬರಿಗೂ ಆಡಲು ಒಂದು ಭಾಷೆ ಇರಲಿಲ್ಲ. ನಾವು ನಡುಮನೆಯ ಮಂಚದ ಮೇಲೆ ಕೂತೆವು.

ನೀರು ಸದ್ದು ಮಾಡದೆ ಬಂತು. ಮೊದಲು ಅಡುಗೆಮನೆಯ ಮೋರಿಯಿಂದ, ಆಮೇಲೆ ಹಿತ್ತಿಲ ಬಾಗಿಲಿನ ಕೆಳಗಿಂದ. ಒಂದು ಚಪ್ಪಲಿ ತೇಲಿಕೊಂಡು ಬಂದು ಮಂಚದ ಇಟ್ಟಿಗೆಗೆ ತಾಗಿ ನಿಂತಿತು. ಚೇಚಿ ಕಾಲು ಮೇಲಿಟ್ಟುಕೊಳ್ಳಿ ಎಂದು ಸನ್ನೆ ಮಾಡಿದಳು. ಅವರು ಮೇಲಿಡಲಿಲ್ಲ. ಪ್ಯಾಂಟು ಮಡಚಿ, ಕಾಲನ್ನು ನೀರಿನಲ್ಲೇ ಬಿಟ್ಟುಕೊಂಡು ಕೂತರು.

"ಯಾವಾಗ ಇಳಿತೈತಿ?" ಎಂದರು.

"ಮಧ್ಯಾಹ್ನ ಆಗುತ್ತೆ ಸರ್."

"ಹಂಗಾರ ಕುಂದ್ರೂನು."

ಕೂತೆವು. ನೀರು ಬಂದ ದಾರಿಯಲ್ಲೇ ಇಳಿದು, ನೆಲದ ಮೇಲೆ ಕೆಸರಿನ ತೆಳುವಾದ ಪದರ ಬಿಟ್ಟು ಹೋಯಿತು. ಚೇಚಿ ತನ್ನ ಮನೆಯ ಡ್ರಮ್ಮಿನಿಂದ ಒಂದು ಬಕೆಟ್ ಟ್ಯಾಂಕರಿನ ನೀರು ತಂದಿಟ್ಟಳು. ಸಿಹಿನೀರಿನಲ್ಲಿ ಒರೆಸದಿದ್ದರೆ ಉಪ್ಪು ನೆಲದಲ್ಲೇ ಉಳಿಯುತ್ತದೆ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಯಜಮಾನರು ಜೇಬಿನ ಪೆನ್ನುಗಳನ್ನು ತೆಗೆದು ಮಂಚದ ಮೇಲಿಟ್ಟು, ಬಟ್ಟೆ ಕೇಳಿದರು. ನಾನು ಒರೆಸುತ್ತೇನೆ ಅಂದರೆ ಬಿಡಲಿಲ್ಲ. ಮೂಲೆಯಿಂದ ಶುರುಮಾಡಿ, ಮಂಡಿಯೂರಿ, ಹಿಂದೆ ಹಿಂದೆ ಸರಿಯುತ್ತ ನಡುಮನೆಯನ್ನೆಲ್ಲ ಒರೆಸಿದರು.

"ನಾಳೀಗೂ ಬರತೈತೇನು?" ಎಂದು ತಲೆಯೆತ್ತದೆ ಕೇಳಿದರು.

"ಬರುತ್ತೆ ಸರ್. ಇವತ್ತಿಗಿಂತ ಸ್ವಲ್ಪ ತಡವಾಗಿ."

"ಹೌದೇನು" ಎಂದವರು ಬಟ್ಟೆ ಹಿಂಡಿ, ಬಕೆಟ್ಟನ್ನು ಎಳೆದುಕೊಂಡು ಅಡುಗೆಮನೆಗೆ ಹೋದರು.